ಸೆರಗು ಹಿಡಿ, ಪೀಪಿ ಊದು

ರಾತ್ರಿ ಒಂಬತ್ತೂವರೆ. ಬೆಂಗಳೂರಿನ ನಮ್ಮ ಮನೆಯ ಕೆಳಗಿನ ಪಾರ್ಕಿಂಗಿನಲ್ಲಿ ಕಾರಿನ ಡಿಕ್ಕಿ ಬಾಯ್ತೆರೆದು ನಿಂತಿದೆ. ಒಳಗಿದ್ದದ್ದನ್ನೆಲ್ಲ ಇಳಿಸಿ ನೆಲದ ಮೇಲೆ ಹರಡಿದ್ದೇನೆ. ಕಾರ್ಪೆಟ್ಟಿನ ಹಲಗೆ ಎತ್ತಿದರೆ ಅಡಿಯಲ್ಲಿ ಸ್ಟೆಪ್ನಿ, ಅದರ ಹೊಟ್ಟೆಯೊಳಗೆ ಜ್ಯಾಕು, ಪಾನಾ, ಕೆಂಪು ತ್ರಿಕೋನದ ಡಬ್ಬಿ. ಎಂಟು ವರ್ಷದ ಮಗಳು ಟಾರ್ಚು ಹಿಡಿದಿದ್ದಾಳೆ. ಮೂರೂವರೆ ವರ್ಷದ ಮಗ ಖಾಲಿ ಡಿಕ್ಕಿಯೊಳಗೆ ಕೂತು ಟಿಕೆಟ್ ಹರಿಯುತ್ತಿದ್ದಾನೆ.

ಬೆಳಗಿನ ಜಾವ ಹೊರಡಬೇಕು. ನಾಡಿದ್ದು ಆಟಿ ಅಮಾವಾಸ್ಯೆ. ಸೂರ್ಯ ಹುಟ್ಟುವ ಮೊದಲು ಹಾಲೆ ಮರದ ತೊಗಟೆಯನ್ನು ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಕಷಾಯ ಕುಡಿಯುವ ದಿನ. ಅತ್ತೆಗೆ ಆ ದಿನ ಪುತ್ತೂರಿನ ಮನೆಯಲ್ಲೇ ಇರಬೇಕು. ಯಜಮಾನರು ಊರಲ್ಲಿಲ್ಲ, ಕೆಲಸದ ಮೇಲೆ ಹೋಗಿದ್ದಾರೆ. ಓಡಿಸುವವಳು ನಾನು. ಜೊತೆಗೆ ಅರವತ್ತೆಂಟರ ಅತ್ತೆ, ಇಬ್ಬರು ಮಕ್ಕಳು, ಸುರಿಯುವ ಮಳೆ, ಶಿರಾಡಿ ಘಾಟಿ.

‘ಗಾಳಿ ಎಷ್ಟಿರಬೇಕು ಅಮ್ಮ?’ ಮಗಳು ಕೇಳುತ್ತಾಳೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೊಂದು ಚೀಟಿ ಅಂಟಿಸಿರುತ್ತಾರೆ. ಅವಳೇ ಓಡಿಹೋಗಿ ಓದಿ ಬರುತ್ತಾಳೆ: 33. ಸ್ಟೆಪ್ನಿಯ ಮೂತಿಗೆ ಗೇಜು ಒತ್ತಿದರೆ ಮುಳ್ಳು 19ಕ್ಕೆ ನಿಲ್ಲುತ್ತದೆ. ನೆಲದ ಮೇಲೆ ಓಡುವ ನಾಲ್ಕು ಚಕ್ರಗಳಿಗೆ ತಿಂಗಳಿಗೊಮ್ಮೆ ಗಾಳಿ ಹಾಕಿಸುತ್ತೇವೆ, ಕತ್ತಲಲ್ಲಿ ಮಲಗಿರುವ ಐದನೆಯದಕ್ಕೆ ಯಾರೂ ಹಾಕಿಸುವುದಿಲ್ಲ. ಅದು ಸುಮ್ಮನೆ ಮಲಗಿದ್ದಲ್ಲೇ ಉಸಿರು ಬಿಡುತ್ತಾ ಬಂದಿದೆ. ಸಣ್ಣ ಪಂಪನ್ನು ಕಾರಿನ ಸಾಕೆಟ್ಟಿಗೆ ಚುಚ್ಚುತ್ತೇನೆ. ಅದು ಗುರ್ರೆನ್ನುವಾಗ ಮಗನ ಬಸ್ಸು ಹೊರಡುತ್ತದೆ.

ಗಾಳಿ ತುಂಬುವ ಹೊತ್ತಿಗೆ ಟೈರಿನ ಪಕ್ಕದ ಮೈಯನ್ನು ಟಾರ್ಚು ಹಾಕಿ ಹುಡುಕುತ್ತೇವೆ. ಅಂಡಾಕಾರದ ಒಂದು ಚೌಕಟ್ಟಿನೊಳಗೆ ನಾಲ್ಕು ಅಂಕಿ: 2319. 2019ರ 23ನೇ ವಾರದಲ್ಲಿ ಮಾಡಿದ ಟೈರು ಎಂದರ್ಥ. ಒಂದು ದಿನವೂ ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬೆರಳು ಒತ್ತಿ ಬಿರುಕು ಹುಡುಕುತ್ತೇನೆ, ಇಲ್ಲ. ನಿಮ್ಮ ಕಾರಿನದ್ದನ್ನೂ ಒಮ್ಮೆ ಓದಿ ನೋಡಿ, ಎರಡೇ ನಿಮಿಷದ ಕೆಲಸ. ಓದಲು ಹೋದಾಗ ಸ್ಟೆಪ್ನಿಯೇ ಇಲ್ಲದಿರಲೂಬಹುದು. ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆಯೂ ಪಂಕ್ಚರ್ ಮುಚ್ಚುವ ಕಿಟ್ಟೂ ಇದ್ದರೆ ಸಣ್ಣ ಕಾರುಗಳಿಗೆ ಐದನೇ ಚಕ್ರ ಕಡ್ಡಾಯವಲ್ಲ ಎಂದು 2020ರಲ್ಲಿ ನಿಯಮ ಬದಲಾಯಿತು. ಅಂಥ ಕಾರಿದ್ದವರು ಆ ಕಿಟ್ಟಿನ ಅಂಟು ಒಣಗಿಲ್ಲವೇ, ಅದನ್ನು ಬಳಸುವುದು ಹೇಗೆ ಎಂಬುದನ್ನು ಮನೆಯ ಬೆಳಕಿನಲ್ಲೇ ತಿಳಿದುಕೊಳ್ಳಬೇಕು.

‘ಸ್ಟೆಪ್ನಿ ಅಂದ್ರೆ ಏನಮ್ಮ?’ ಅದೊಂದು ಬೀದಿಯ ಹೆಸರು ಮಗಳೇ. ವೇಲ್ಸ್ ದೇಶದ ಲನೆಲ್ಲಿ ಎಂಬ ಊರಿನಲ್ಲಿ ಸ್ಟೆಪ್ನಿ ಬೀದಿ ಅಂತಿದೆ. ಡೇವಿಸ್ ಸಹೋದರರು 1904ರ ಸುಮಾರಿಗೆ ಅಲ್ಲಿ ಬಿಡಿ ಚಕ್ರ ಮಾಡಿ ಮಾರತೊಡಗಿದರು. ಆಗಿನ ಕಾರುಗಳಿಗೆ ಬಿಡಿ ಚಕ್ರವೇ ಇರಲಿಲ್ಲ. ಅವರ ದೇಶ ಆ ಮಾತನ್ನು ಹೆಚ್ಚುಕಡಿಮೆ ಮರೆತಿದೆ. ನಮ್ಮ ಗ್ಯಾರೇಜುಗಳು ಮರೆತಿಲ್ಲ.

ಹೋದ ಭಾನುವಾರ ಇದೇ ಜಾಗದಲ್ಲಿ ನಾವು ಒಂದು ಚಕ್ರ ಬಿಚ್ಚಿ ಹಾಕಿದ್ದೆವು. ನಾನು ಈ ಕಾರಿಗೆ ಮಾಡಿಕೊಂಡ ತಯಾರಿಯಲ್ಲೆಲ್ಲ ಬೆಲೆಬಾಳುವ ಒಂದೂವರೆ ಗಂಟೆ ಅದೇ ಅಂತ ನನಗೆ ಖಂಡಿತ ಅನ್ನಿಸಿದೆ. ಏಕೆಂದರೆ ಮೊದಲ ನಟ್ಟೇ ಅಲ್ಲಾಡಲಿಲ್ಲ. ಎರಡು ತಿಂಗಳ ಹಿಂದೆ ಟೈರು ತಿರುಗಿಸಿ ಹಾಕಿದ ಅಂಗಡಿಯವರು ಗಾಳಿ ಗನ್ನಿನಿಂದ ಬಿಗಿದಿದ್ದರು. ಕಾರಿನ ಜೊತೆ ಕೊಟ್ಟ ಪಾನಾ ಒಂದು ಗೇಣಿಗಿಂತ ತುಸು ಉದ್ದ, ನನ್ನ ಮೈಭಾರವನ್ನೆಲ್ಲ ಅದರ ಮೇಲೆ ಹೇರಿದರೂ ನಟ್ಟು ಜಪ್ಪಯ್ಯ ಅನ್ನಲಿಲ್ಲ. ಪ್ಲಂಬರರ ಹತ್ತಿರ ಎರಡಡಿ ಕಬ್ಬಿಣದ ಪೈಪು ಇಸಕೊಂಡು ಪಾನಾದ ಹಿಡಿಗೆ ತೂರಿಸಿ ಒತ್ತಿದಾಗ ‘ಕಟ್’ ಅಂತ ಸದ್ದು ಮಾಡಿ ಬಿಟ್ಟುಕೊಟ್ಟಿತು. ಘಾಟಿಯ ಮಳೆಯಲ್ಲಿ ಇದು ಗೊತ್ತಾಗಿದ್ದರೆ? ಆ ಪೈಪು ಈಗ ನಮ್ಮದು. ಹದಿನಾರು ನಟ್ಟುಗಳನ್ನೂ ಅವತ್ತೇ ಸಡಿಲಿಸಿ, ಕೈಪಾನಾದಲ್ಲಿ ನನ್ನ ಬಲಕ್ಕೆ ತಕ್ಕಷ್ಟು ಬಿಗಿದಿಟ್ಟಿದ್ದೇನೆ. ಇನ್ನು ಮುಂದೆ ಯಾವ ಅಂಗಡಿಗೆ ಹೋದರೂ ಕೊನೆಯ ಬಿಗಿ ಕೈಯಲ್ಲೇ ಹಾಕಿ ಅಂತ ನಿಂತು ಹೇಳುತ್ತೇನೆ.

ಅವತ್ತು ಮಕ್ಕಳಿಗೂ ಪಾಠವಾಯಿತು. ‘ಕಾರು ನಿಂತರೆ ಪುಟ್ಟ ಏನು ಮಾಡ್ತಾನೆ?’ ‘ಅಜ್ಜಿ ಸೆರಗು ಹಿಡೀತಾನೆ!’ ‘ಯಾವಾಗ ಬಿಡ್ತಾನೆ?’ ‘ಅಮ್ಮ ಬಿಡು ಅಂದಾಗ!’ ‘ಅಕ್ಕ?’ ಅಕ್ಕನ ಕೊರಳಲ್ಲಿ ಕೆಂಪು ದಾರಕ್ಕೆ ಪೋಣಿಸಿದ ಪೀಪಿ. ದೊಡ್ಡ ಗಾಡಿ ಬಂದರೆ ಒಂದು ಸಲ, ತಮ್ಮನಿಗೋ ಅಜ್ಜಿಗೋ ಏನಾದರೂ ಬೇಕಾದರೆ ಎರಡು ಸಲ. ಹತ್ತು ಬಾರಿ ಆಡಿದ್ದೇವೆ. ಮಗ ಹತ್ತನೆಯ ಬಾರಿಯೂ ಅಷ್ಟೇ ಜೋರಾಗಿ ಕೂಗಿ ಸೆರಗಿಗೆ ಜೋತುಬಿದ್ದಿದ್ದ. ಮಕ್ಕಳನ್ನು ಹೆದರಿಸಿ ಕಲಿಸಬೇಕಾಗಿಲ್ಲ. ಕೆಲಸ ಕೊಟ್ಟರೆ ಸಾಕು, ಅವರು ಅದನ್ನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಈಗ ಸಾಮಾನು ತುಂಬುವ ಹೊತ್ತು. ಮಳೆಯಲ್ಲಿ ಕಾರು ನಿಂತಾಗ ಒಂದು ವಸ್ತು ನಿಮ್ಮ ಹತ್ತಿರ ಇದೆಯೋ ಇಲ್ಲವೋ ಅನ್ನುವುದಕ್ಕಿಂತ ಅದು ಯಾವುದರ ಕೆಳಗಿದೆ ಅನ್ನುವುದೇ ದೊಡ್ಡ ಪ್ರಶ್ನೆ. ಹಲಸಿನ ಹಪ್ಪಳದ ಡಬ್ಬ, ಹಾಸಿಗೆಯ ಗಂಟು, ಹತ್ತಾರು ಕವರುಗಳ ಕೆಳಗೆ ಹೂತ ಜ್ಯಾಕು ಇದ್ದರೂ ಇಲ್ಲದ್ದಕ್ಕೆ ಸಮ. ಅದಕ್ಕೇ ಬಟ್ಟೆಬರೆಯೆಲ್ಲ ಎರಡೇ ದೊಡ್ಡ ಚೀಲಕ್ಕೆ ಹೋಗಿವೆ, ಎರಡು ಸಲ ಎತ್ತಿದರೆ ಡಿಕ್ಕಿ ಖಾಲಿ. ಜ್ಯಾಕು, ಪಾನಾ, ತ್ರಿಕೋನವನ್ನು ಸ್ಟೆಪ್ನಿಯ ಹೊಟ್ಟೆಯಿಂದ ಹೊರಗೆ ತೆಗೆದು ಪೈಪಿನ ಜೊತೆ ಹಳದಿ ಚೀಲಕ್ಕೆ ಹಾಕುತ್ತೇನೆ. ಅದರ ಜೊತೆಗೆ ಅಡಿ ಉದ್ದದ ಹಲಸಿನ ಹಲಗೆ ಒಂದು, ಚಕ್ರಕ್ಕೆ ಕೊಡುವ ಮರದ ಬೆಣೆ ಎರಡು, ಕೈಗವಸು, ಹಣೆಗೆ ಕಟ್ಟುವ ಟಾರ್ಚು, ಬೆಳಕು ಬಿದ್ದರೆ ಹೊಳೆಯುವ ಜಾಕೆಟ್ಟುಗಳು. ಮಕ್ಕಳ ಅಳತೆಯವೂ ಇವೆ. ಎಲ್ಲದರ ಮೇಲೆ ಮಡಿಸಿದ ನೀಲಿ ಟಾರ್ಪಾಲು. ಹಳದಿ ಚೀಲ ಕೊನೆಗೆ ಒಳಗೆ ಹೋಗುತ್ತದೆ, ಅಂದರೆ ಮೊದಲು ಹೊರಗೆ ಬರುತ್ತದೆ.

ಮಕ್ಕಳ ಚೀಲ ಡಿಕ್ಕಿಗೆ ಹೋಗುವುದೇ ಇಲ್ಲ. ಅದು ಅತ್ತೆಯ ಕಾಲ ಬಳಿ. ಒಣ ಅವಲಕ್ಕಿ, ಚಕ್ಕುಲಿ, ಒಣದ್ರಾಕ್ಷಿ, ಬಾಳೆಹಣ್ಣು. ಚಿಕ್ಕಿ ಮಗಳಿಗೆ ಮಾತ್ರ, ಅದೂ ಕಾರು ನಿಂತಾಗ. ಓಡುವ ಕಾರಿನಲ್ಲಿ ಚಿಕ್ಕ ಮಗುವಿಗೆ ಇಡೀ ಕಡಲೆಬೀಜ ಕೊಡಬಾರದು. ಗಂಟಲಿಗೆ ಸಿಕ್ಕಿಕೊಂಡದ್ದು ಮುಂದಿನ ಸೀಟಿನವರಿಗೆ ಕೇಳಿಸುವುದಿಲ್ಲ. ಎರಡು ಜೊತೆ ಬಟ್ಟೆ, ವಾಂತಿಗೆ ಕವರು, ಹಳೆಯ ಪೇಪರು, ನಿಂಬೆಹಣ್ಣು, ಒಆರ್‌ಎಸ್ ಪೊಟ್ಟಣ, ಅದನ್ನು ಕಲಸಲು ಸರಿಯಾಗಿ ಒಂದು ಲೀಟರಿನ ಬಾಟಲಿ. ಜ್ವರದ ಸಿರಪ್ಪನ್ನು ಮನೆಯ ಕಪಾಟಿನಿಂದ ಈಗ ತೆಗೆದುಕೊಂಡೆ, ವಾಪಸು ಬಂದ ದಿನ ಅಲ್ಲಿಗೇ ಹೋಗುತ್ತದೆ. ಬಿಸಿಲಿಗೆ ನಿಲ್ಲುವ ಕಾರಿನೊಳಗೆ ಔಷಧ ಇಟ್ಟು ಮರೆಯಬಾರದು. ಬಾಟಲಿಯ ಮೇಲೆ ಮಗನ ತೂಕವನ್ನೂ ಡಾಕ್ಟರು ಹೇಳಿದ ಅಳತೆಯನ್ನೂ ಬರೆದು ಅಂಟಿಸಿದ್ದೇನೆ. ಪ್ಯಾರಸಿಟಮಾಲ್ ಸಿರಪ್ 5 ಮಿಲಿಗೆ 120 ಮಿಲಿಗ್ರಾಮಿನದ್ದೂ ಬರುತ್ತದೆ, 250ರದ್ದೂ ಬರುತ್ತದೆ. ದಾರಿಬದಿಯ ಅಂಗಡಿಯಲ್ಲಿ ಇನ್ನೊಂದು ಕೊಂಡು ಅದೇ ಮುಚ್ಚಳದಲ್ಲಿ ಅಳೆದರೆ ಎರಡರಷ್ಟಾಗಿಬಿಡುತ್ತದೆ.

‘ಇದನ್ನು ಇಡು’ ಅಂತ ಅತ್ತೆ ಮೇಲಿನಿಂದ ಇಳಿದುಬಂದು ಎರಡು ವಸ್ತು ಕೊಡುತ್ತಾರೆ. ಒಗೆದೊಗೆದು ಹತ್ತಿಯಂತಾದ ಅವರ ಹಳೆಯ ನೂಲಿನ ಸೀರೆ ಒಂದು. ಹೊದಿಕೆ, ಮರೆ, ಒರೆಸುವ ಬಟ್ಟೆ, ಕೈಗೆ ಪೆಟ್ಟಾದರೆ ಜೋಳಿಗೆ, ಹೆಣ್ಣುಮಗು ಕೂರಬೇಕಾದರೆ ಸುತ್ತ ಹಿಡಿಯುವ ಪರದೆ ಎಲ್ಲ ಅದೇ. ಇನ್ನೊಂದು, ಪೇಪರಿನಲ್ಲಿ ಕಟ್ಟಿದ ಪುಡಿ ಉಪ್ಪು. ‘ಇದೆಂತಕ್ಕೆ ಅಂತ ಅಲ್ಲಿ ಗೊತ್ತಾಗ್ತದೆ.’

ಕೊನೆಯದು ಒಂದು ಹಾಳೆ. ಮಗಳ ದುಂಡು ಅಕ್ಷರದಲ್ಲಿ: 112 ಎಲ್ಲದಕ್ಕೂ. 108 ಆಂಬುಲೆನ್ಸ್. 1033 ರಾಷ್ಟ್ರೀಯ ಹೆದ್ದಾರಿ. ವಿಮೆಯವರ ಸಹಾಯವಾಣಿ, ಅಪ್ಪ, ಪುತ್ತೂರು ಮನೆ. ಕೆಳಗೆ ಸಾಮಾನಿನ ಪಟ್ಟಿ. ಮೊಬೈಲಿನ ಚಾರ್ಜು ಮುಗಿದರೂ ಹಾಳೆ ಮುಗಿಯುವುದಿಲ್ಲ. ಅದನ್ನು ಮುಂದಿನ ಗಾಜಿನ ಮೇಲಿನ ಮರೆಗೆ ಸಿಕ್ಕಿಸುತ್ತೇನೆ.

*

ನಾಲ್ಕೂಮುಕ್ಕಾಲಿಗೆ ಹೊರಟೆವು. ನೆಲಮಂಗಲ, ಕುಣಿಗಲ್ ದಾಟುವವರೆಗೂ ಮಕ್ಕಳಿಗೆ ನಿದ್ದೆ. ಮಗ ತನ್ನ ಸೀಟಿನಲ್ಲಿ ಬೆಲ್ಟಿನೊಳಗೆ ತಲೆ ವಾಲಿಸಿದ್ದಾನೆ. ಹದಿನಾಲ್ಕರ ಒಳಗಿನ ಮಕ್ಕಳಿಗೆ ಬೆಲ್ಟೋ ಮಕ್ಕಳ ಸೀಟೋ ಇಲ್ಲದಿದ್ದರೆ 1000 ರೂಪಾಯಿ ದಂಡ ಅಂತ 2019ರ ತಿದ್ದುಪಡಿ ಹೇಳುತ್ತದೆ. ನನಗೆ ದಂಡದ ಚಿಂತೆಯಲ್ಲ. ಬ್ರೇಕು ಒತ್ತಿದಾಗ ಅಜ್ಜಿಯ ತೊಡೆ ಮಗುವನ್ನು ಹಿಡಿದಿಡಲಾರದು. ಚನ್ನರಾಯಪಟ್ಟಣದಲ್ಲಿ ತಿಂಡಿಗೆ ನಿಂತಾಗ ಒಳ್ಳೆ ಬಿಸಿಲು. ‘ಮಲಗಿದಾನೆ, ಬಿಡು, ಹೋಗಿ ಬರುವಾ’ ಅನ್ನುತ್ತಾರೆ ಅತ್ತೆ. ಎಬ್ಬಿಸಿ ಹೆಗಲಿಗೆ ಹಾಕಿಕೊಳ್ಳುತ್ತೇನೆ. ಬಿಸಿಲಿಗೆ ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಕಾವು ಏರುತ್ತದೆ. ಅಳುತ್ತಾನೆ, ಇಡ್ಲಿ ಕಂಡು ಸುಮ್ಮನಾಗುತ್ತಾನೆ.

ಹಾಸನ ದಾಟಿದ್ದೇ ಬಣ್ಣ ಬದಲಾಗುತ್ತದೆ. ಸಕಲೇಶಪುರದಲ್ಲಿ ಮಳೆ ಶುರುವಾಗಿ ನಿಲ್ಲುವ ಲಕ್ಷಣವೇ ಇಲ್ಲ. ಅಲ್ಲಿ ಎಲ್ಲರನ್ನೂ ಶೌಚಾಲಯಕ್ಕೆ ಕಳಿಸಿ, ಟ್ಯಾಂಕು ತುಂಬಿಸಿ, ಘಾಟಿ ತೆರೆದಿದೆಯೇ ಅಂತ ಬಂಕಿನವರನ್ನು ವಿಚಾರಿಸಿ, ಯಜಮಾನರಿಗೆ ಮೆಸೇಜು ಹಾಕುತ್ತೇನೆ: ‘ಸಕಲೇಶಪುರ ಬಿಟ್ಟೆವು, 9.40. ಹನ್ನೆರಡೂವರೆಯೊಳಗೆ ಉಪ್ಪಿನಂಗಡಿಯಿಂದ ಫೋನ್ ಬರದಿದ್ದರೆ ವಿಚಾರಿಸಿ.’ ಮುಂದೆ ಘಾಟಿಯ ತಿರುವುಗಳಲ್ಲಿ ಸಿಗ್ನಲ್ ಸಿಗುವುದು ಅಪರೂಪ. ಯಾವ ಕಂಪನಿಯ ಸಿಗ್ನಲ್ ಸಿಕ್ಕರೂ 112 ಹೋಗುತ್ತದೆ, ಆದರೆ ಯಾವುದೂ ಇಲ್ಲದ ಕಡೆ ಅದೂ ಹೋಗುವುದಿಲ್ಲ.

ದೋಣಿಗಾಲ್ ದಾಟಿದ ಮೇಲೆ ರಸ್ತೆಯ ಪಕ್ಕದಲ್ಲಿ ಕಡಿದ ಗುಡ್ಡಗಳು ಕೆಂಪಗೆ, ಹಸಿ ಗಾಯದ ಹಾಗೆ ನಿಂತಿವೆ. 2024ರ ಜುಲೈನಲ್ಲಿ ಇಲ್ಲೇ ದೊಡ್ಡತಪ್ಪಲೆಯಲ್ಲಿ ಮಣ್ಣು ಇಳಿದು ಸಂಚಾರ ನಿಂತುಹೋಗಿತ್ತು. ಅದೇ ತಿಂಗಳು 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು, ಚಹಾ ಕುಡಿಯಲು ನಿಂತವರನ್ನೂ ನಿಲ್ಲಿಸಿದ ಲಾರಿಗಳನ್ನೂ ಗಂಗಾವಳಿ ನದಿಗೆ ತಳ್ಳಿತು. ಅಂದಿನಿಂದ ಮಳೆಗಾಲದಲ್ಲಿ ಬೋಳು ಗುಡ್ಡದ ಕೆಳಗೆ ಒಂದು ನಿಮಿಷವೂ ಕಾರು ನಿಲ್ಲಿಸಬಾರದು ಎನ್ನುವುದು ನನ್ನೊಳಗೆ ಕೂತುಬಿಟ್ಟಿದೆ.

‘ಗುಂಡ್ಯ 18!’ ಮಗಳು ಕಿಟಕಿಗೆ ಮೂಗು ಒತ್ತಿ ಕೂಗುತ್ತಾಳೆ. ಹಳದಿ ತಲೆಯ ಮೈಲಿಗಲ್ಲು ಅಂದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆಯದು ರಾಜ್ಯ ಹೆದ್ದಾರಿ. ಕಲ್ಲು ಓದುವುದು ಇವತ್ತಿನ ಆಟ. ಘಾಟಿಯಲ್ಲಿ ಮೊಬೈಲು ನೋಡುವ ಮಕ್ಕಳಿಗೆ ವಾಂತಿ ಬೇಗ ಬರುತ್ತದೆ. ಕಿವಿಯೊಳಗಿನ ಸಮತೋಲ ತಿರುಗುತ್ತಿದ್ದೇವೆ ಅನ್ನುತ್ತದೆ, ಪರದೆಗೆ ಅಂಟಿದ ಕಣ್ಣು ಇಲ್ಲ ಅನ್ನುತ್ತದೆ, ಆ ಜಗಳಕ್ಕೆ ಹೊಟ್ಟೆ ತೊಳಸುತ್ತದೆ. ಹೊರಗೆ ನೋಡಿದರೆ ಎರಡೂ ರಾಜಿಯಾಗುತ್ತವೆ. ಮಗನ ಕೈಯಲ್ಲಿ ನಿಂಬೆಹಣ್ಣು, ಮೂಸುತ್ತಾ ಉಗುರು ಒತ್ತುತ್ತಾ ಇದ್ದಾನೆ. ಕಾಂಕ್ರೀಟು ರಸ್ತೆಯ ಮೇಲೆ ನೀರು ಹಾಳೆಹಾಳೆಯಾಗಿ ಹರಿಯುತ್ತಿದೆ. ಎದುರಿನಿಂದ ಮಂಗಳೂರು ಕಡೆಯ ಗ್ಯಾಸ್ ಟ್ಯಾಂಕರುಗಳು ಏದುಸಿರು ಬಿಡುತ್ತಾ ಹತ್ತುತ್ತಿವೆ, ಇಳಿಯುವ ಲಾರಿಗಳಿಂದ ಕಾದ ಬ್ರೇಕಿನ ಸುಟ್ಟ ವಾಸನೆ.

‘ಗುಂಡ್ಯ 11!’

ಅದಾಗಿ ಒಂದು ತಿರುವು. ಆಮೇಲೆ ಹಿಂದಿನಿಂದ ಸದ್ದು. ಮೊದಲು ಮಳೆಯದ್ದೇ ಅನ್ನಿಸುತ್ತದೆ, ಮತ್ತೆ ಪಟಪಟ ಪಟಪಟ ಅಂತ ಒದ್ದೆ ಬಟ್ಟೆ ಒಗೆದಂತೆ. ಕಾರಿನ ಹಿಂಬದಿ ಎಡಕ್ಕೆ ಜಗ್ಗುತ್ತಿದೆ.

ಬ್ರೇಕು ಒತ್ತಬೇಡ. ಸ್ಟಿಯರಿಂಗ್ ಬಿಗಿಯಾಗಿ ಹಿಡಿ. ಕಾಲು ಎತ್ತು. ಹಜಾರ್ಡ್ ದೀಪ ಟಿಕ್ ಟಿಕ್ ಅನ್ನತೊಡಗುತ್ತದೆ. ಎಡಕ್ಕೆ ನಿಲ್ಲಲು ಜಾಗವಿದೆ, ಆದರೆ ಮೇಲೆ ಕಡಿದ ಗುಡ್ಡ. ಬೇಡ. ನಡಿಗೆಯ ವೇಗದಲ್ಲಿ ಮುಂದೆ ಹೋಗುತ್ತೇನೆ. ಚಪ್ಪಟೆ ಟೈರಿನ ಮೇಲೆ ಓಡಿದರೆ ಟೈರು ಹಾಳಾಗುತ್ತದೆ, ಆಗಲಿ. ಹೊಸ ಟೈರು ಸಿಗುತ್ತದೆ. ಇನ್ನೊಂದು ತಿರುವು ದಾಟಿದ ಮೇಲೆ ನೇರ ರಸ್ತೆ, ಒಂದು ಮೋರಿ, ಅದರ ಪಕ್ಕ ಹಳೆಯ ರಸ್ತೆಯ ತುಂಡೊಂದು ಅಗಲವಾಗಿ ಉಳಿದುಕೊಂಡಿದೆ. ಮೇಲೆ ಕಾಡು, ಬೇರು ಬಿಟ್ಟ ಮರಗಳು. ಅಲ್ಲಿ ನಿಲ್ಲಿಸುತ್ತೇನೆ.

ಇಳಿಜಾರಿಗೆ ಮುಖ ಮಾಡಿದ ಕಾರು. ಹ್ಯಾಂಡ್‌ಬ್ರೇಕ್ ಎಳೆದು ರಿವರ್ಸ್ ಗೇರು ಹಾಕುತ್ತೇನೆ. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ಈಗ ನಾನು ಎತ್ತಬೇಕಾದದ್ದು ಅವುಗಳಲ್ಲೇ ಒಂದನ್ನು. ಗೇರೂ ಮರದ ಬೆಣೆಗಳೂ ಇಲ್ಲದಿದ್ದರೆ ಕಾರು ಜ್ಯಾಕಿನ ಮೇಲಿನಿಂದ ಮುಂದಕ್ಕೆ ಹೊರಟುಬಿಡಬಹುದು.

‘ಕಾರು ನಿಂತಿತು’ ಅನ್ನುತ್ತೇನೆ. ನನ್ನ ಧ್ವನಿ ಹೇಗಿತ್ತೋ, ಮಗ ಒಂದು ಕ್ಷಣ ನನ್ನ ಮುಖ ನೋಡುತ್ತಾನೆ. ಆಮೇಲೆ ಜೋರಾಗಿ: ‘ಸೆರಗು!’

ಎಡ ಬಾಗಿಲಿನಿಂದಲೇ ಎಲ್ಲರೂ. ಮೊದಲು ಅತ್ತೆ, ಆಮೇಲೆ ಜಾಕೆಟ್ಟು ಹಾಕಿದ ಮಗಳು, ಕೊನೆಗೆ ಬೆಲ್ಟು ಬಿಚ್ಚಿಸಿಕೊಂಡ ಮಗ. ಒಳಗೇ ಕೂರಿಸಿದರೆ ಮಳೆಯಿಂದ ತಪ್ಪಿಸಬಹುದಿತ್ತು. ಆದರೆ ಹಿಂದಿನಿಂದ ಬರುವ ಲಾರಿ ಗುದ್ದಿದರೆ ಮೊದಲು ನಜ್ಜಾಗುವುದು ಹಿಂದಿನ ಸೀಟೇ. ಕಾರಿನ ಮುಂದೆ ನಿಂತರೆ ಕಾರೇ ಅವರ ಮೇಲೆ ಹೋಗುತ್ತದೆ. ಹಾಗಾಗಿ ಪಕ್ಕಕ್ಕೆ, ರಸ್ತೆಯಿಂದ ಆದಷ್ಟು ಒಳಕ್ಕೆ, ಮೋರಿಯ ಕಟ್ಟೆಯ ಆಚೆಗೆ. ಸುತ್ತಲೂ ಇಳಿಜಾರಿಲ್ಲದ ನೆಲ, ನೋಡಿಕೊಂಡೆ. ಟಾರ್ಪಾಲಿನ ಅರ್ಧ ಕೆಳಗೆ, ಅರ್ಧ ತಲೆ ಮೇಲೆ, ನಡುವೆ ಕೊಡೆ. ಮಗ ಸೆರಗನ್ನು ಎರಡು ಸುತ್ತು ಮುಂಗೈಗೆ ಸುತ್ತಿಕೊಂಡಿದ್ದಾನೆ.

ತ್ರಿಕೋನವನ್ನು ಬಿಚ್ಚಿ ಎದೆಯ ಮುಂದೆ ಹಿಡಿದು, ಬರುವ ಗಾಡಿಗಳಿಗೆ ಮುಖ ಮಾಡಿ ಹಿಂದಕ್ಕೆ ನಡೆಯುತ್ತೇನೆ. ಐವತ್ತು ಮೀಟರು, ನನ್ನ ಹೆಜ್ಜೆಯಲ್ಲಿ ಎಪ್ಪತ್ತು. ಎಪ್ಪತ್ತನೆಯ ಹೆಜ್ಜೆ ತಿರುವಿನ ಈಚೆಗೇ ಬೀಳುತ್ತದೆ. ಅಲ್ಲಿಟ್ಟರೆ ಪ್ರಯೋಜನವಿಲ್ಲ, ತಿರುಗಿದ ಮೇಲೆ ಕಂಡ ಎಚ್ಚರಿಕೆ ಎಚ್ಚರಿಕೆಯಲ್ಲ. ತಿರುವಿನ ಆಚೆಗೆ ಹೋಗಿ ಅಂಚಿನಲ್ಲಿ ಇಡುತ್ತೇನೆ. ಇಳಿಯುತ್ತಿದ್ದ ಕೆಎಸ್‌ಆರ್‌ಟಿಸಿ ಬಸ್ಸೊಂದು ನಿಧಾನಿಸುತ್ತದೆ. ‘ಏನಾದ್ರೂ ಬೇಕಾ ಅಕ್ಕಾ?’ ‘ಸ್ಟೆಪ್ನಿ ಇದೆ, ಹಾಕ್ತೀನಿ. ಗುಂಡ್ಯದಲ್ಲಿ ಯಾರಾದ್ರೂ ಸಿಕ್ಕಿದ್ರೆ ಹೇಳಿ, ಗುಂಡ್ಯ 11ರ ಕಲ್ಲು ದಾಟಿ ಮೋರಿ ಹತ್ತಿರ ಬಿಳಿ ಕಾರು ನಿಂತಿದೆ ಅಂತ.’ ಚಾಲಕರು ತಲೆಯಾಡಿಸಿ ಎರಡು ಹಾರ್ನು ಹೊಡೆದು ಹೋಗುತ್ತಾರೆ. ಮಗಳು ಕಲ್ಲು ಓದಿರದಿದ್ದರೆ ‘ಘಾಟಿಯಲ್ಲಿ ಎಲ್ಲೋ’ ಅನ್ನಬೇಕಾಗುತ್ತಿತ್ತು.

ಎರಡು ಚೀಲ ಎತ್ತಿದೆ, ಡಿಕ್ಕಿ ಖಾಲಿ. ಮುಂದಿನ ಎರಡು ಚಕ್ರಗಳ ಇಳಿಜಾರಿನ ಕಡೆಗೆ ಬೆಣೆ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು, ಎತ್ತಿದ ಮೇಲೆ ಒತ್ತಿದರೆ ಚಕ್ರವೇ ತಿರುಗುತ್ತದೆ. ಪಾನಾಕ್ಕೆ ಪೈಪು ತೂರಿಸಿ ಒತ್ತುತ್ತೇನೆ. ಕಟ್. ಕಟ್. ಕಟ್. ನಾಲ್ಕನೆಯದು ತುಸು ತಡೆದು, ಕಟ್. ಭಾನುವಾರದ ಕೈ ನೆನಪಿಟ್ಟುಕೊಂಡಿದೆ. ನೆಲ ಮಳೆಗೆ ಮೆತ್ತಗಾಗಿದೆ, ಹಲಸಿನ ಹಲಗೆ ಕೆಳಗಿಟ್ಟು ಜ್ಯಾಕನ್ನು ಅದರ ಮೇಲೆ ಕೂರಿಸುತ್ತೇನೆ. ಬಾಗಿಲ ಕೆಳಗಿನ ತಗಡಿನ ಅಂಚಿನಲ್ಲಿ ಎರಡು ಸಣ್ಣ ಕಚ್ಚುಗಳು ಬೆರಳಿಗೆ ಸಿಗುತ್ತವೆ, ಜ್ಯಾಕಿನ ತಲೆ ಸರಿಯಾಗಿ ಅವುಗಳ ನಡುವೆ ಬರಬೇಕು. ಸ್ಟೆಪ್ನಿಯನ್ನು ಕಾರಿನ ಹೊಟ್ಟೆಯಡಿ ಅಡ್ಡ ಮಲಗಿಸುತ್ತೇನೆ. ಜ್ಯಾಕು ಜಾರಿದರೆ ಕಾರು ಅದರ ಮೇಲೆ ಕೂರಲಿ, ನನ್ನ ಕೈ ಮೇಲಲ್ಲ.

ಪೀಪಿ, ಒಂದು ಸಲ.

ಕೈಯಲ್ಲಿದ್ದದ್ದು ಬಿಟ್ಟು ಕಟ್ಟೆಯ ಕಡೆಗೆ ಸರಿಯುತ್ತೇನೆ. ಟ್ಯಾಂಕರು ಕೆಸರು ಎರಚುತ್ತಾ ಹೋಗುತ್ತದೆ, ಜ್ಯಾಕಿನ ಮೇಲಿನ ಕಾರು ಅದರ ಗಾಳಿಗೆ ಸಣ್ಣಗೆ ನಡುಗುತ್ತದೆ. ಮತ್ತೆ ಹೋಗಿ ಕೂರುತ್ತೇನೆ. ನಾಲ್ಕು ನಟ್ಟುಗಳೂ ಸ್ಟೀಲು ಡಬ್ಬಿಯೊಳಗೆ, ಮುಚ್ಚಳ ಹಾಕಿ. ಹರಿಯುವ ನೀರಿಗೆ ಒಂದು ನಟ್ಟು ಬಿದ್ದರೆ ಕೆಂಪುಹೊಳೆಯಲ್ಲಿ ಹುಡುಕಬೇಕು. ಮತ್ತೆ ಪೀಪಿ, ಮತ್ತೆ ಸರಿಯುವುದು. ಮೂರನೆಯ ಸಲ ಸರಿದು ನಿಂತರೆ ಯಾವ ಗಾಡಿಯೂ ಇಲ್ಲ. ಮತ್ತೆ ಅದೇ ಸಿಳ್ಳೆ, ಈ ಬಾರಿ ಉದ್ದಕ್ಕೆ, ಏರಿಳಿದು, ಯಾರೋ ಹುಡುಗ ರಾಗ ಹುಡುಕುತ್ತಾ ಹೋದಂತೆ. ಮಗಳು ಎರಡೂ ಕೈ ಆಡಿಸುತ್ತಾಳೆ: ‘ನಾನಲ್ಲ ಅಮ್ಮಾ! ಹಕ್ಕಿ!’ ತೊರೆಯ ಬದಿಯ ಕತ್ತಲಲ್ಲೆಲ್ಲೋ ಕೂತು ಸಿಳ್ಳೆ ಹಾಕುವ, ಮಳೆಗಾಲದಲ್ಲೇ ಹೆಚ್ಚು ಹಾಡುವ ಆ ನೀಲಿಗಪ್ಪು ಹಕ್ಕಿ. ನನಗೆ ಆಗ ಉಸಿರು ಸಡಿಲವಾಗುತ್ತದೆ. ಅಲ್ಲಿಯವರೆಗೂ ಬಿಗಿಹಿಡಿದಿದ್ದೆ ಅಂತಲೇ ಗೊತ್ತಿರಲಿಲ್ಲ.

ಹಳೆಯ ಚಕ್ರ ಹೊರಗೆ, ಸ್ಟೆಪ್ನಿ ಒಳಗೆ. ನಟ್ಟುಗಳನ್ನು ಬೆರಳಲ್ಲೇ ತಿರುಗಿಸಿ ಕೂರಿಸಿ, ಎದುರು ಬದುರಾಗಿ ಬಿಗಿಯುತ್ತೇನೆ. ಮೇಲಿನದು, ಅದರ ಎದುರಿನದು, ಆಮೇಲೆ ಉಳಿದೆರಡು. ಅಕ್ಕಪಕ್ಕದ್ದು ಬಿಗಿದರೆ ಚಕ್ರ ಓರೆ ಕೂರುತ್ತದೆ. ಕಾರು ಇಳಿಸಿದ ಮೇಲೆ ಪೂರ್ತಿ ಬಿಗಿ.

ಪೀಪಿ, ಎರಡು ಸಲ.

ಓಡುತ್ತೇನೆ. ಮಗನ ಕಣಕಾಲಿನ ಮೇಲೆ ಕಪ್ಪು ದಾರದಂಥದ್ದೊಂದು, ನೋಡನೋಡುತ್ತಾ ದಪ್ಪಗಾಗುತ್ತಿದೆ. ಇಂಬಳ. ಮಂಡ್ಯದ ಕಡೆಯ ನನಗೆ ಮೈ ಜುಮ್ಮೆನ್ನುತ್ತದೆ. ಕಿತ್ತೆಸೆಯಲು ಕೈ ಚಾಚಿದರೆ ಅತ್ತೆ ತಡೆಯುತ್ತಾರೆ. ‘ಎಳೀಬೇಡ ಮಾರಾಯ್ತಿ. ಉಪ್ಪು ಉಂಟಲ್ಲ.’ ಪೊಟ್ಟಣ ಬಿಚ್ಚಿ ಚಿಟಿಕೆ ಉಪ್ಪು ಒತ್ತುತ್ತಾರೆ. ಅದು ಸುರುಟಿಕೊಂಡು ಉದುರುತ್ತದೆ, ಹಿಂದೆಯೇ ಒಂದೆಳೆ ರಕ್ತ, ನಿಲ್ಲದೆ. ಅದು ಕಚ್ಚಿದ ಜಾಗದಲ್ಲಿ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ತೊಳೆದು ಹಳೆ ಸೀರೆಯ ಅಂಚನ್ನು ಒತ್ತಿ ಹಿಡಿಯುತ್ತಾರೆ. ಮಗ ಅಳಲಿಲ್ಲ, ಒಂದು ಕೈಯಲ್ಲಿ ಇನ್ನೂ ಸೆರಗು, ಇನ್ನೊಂದರಲ್ಲಿ ಅರ್ಧ ಚಕ್ಕುಲಿ. ‘ಬಿಡಲಾ?’ ಅಂತ ಕೇಳುತ್ತಾನೆ. ‘ಕಾರು ಹತ್ತಿದ ಮೇಲೆ’ ಅನ್ನುತ್ತೇನೆ.

ಅಷ್ಟರಲ್ಲಿ ಮೇಲಿನಿಂದ ಬಂದ ಲಾರಿಯೊಂದರ ಚಾಲಕ ಇಳಿದುಬಂದು, ಒಂದು ಮಾತೂ ಕೇಳದೆ ಪಾನಾ ತೆಗೆದುಕೊಂಡು ನಾಲ್ಕೂ ನಟ್ಟುಗಳನ್ನು ಒಮ್ಮೆ ಒತ್ತಿ ನೋಡುತ್ತಾರೆ. ‘ಸರಿ ಇದೆ’ ಅಂದು, ಇನ್ಯಾರೋ ಯಾವಾಗಲೋ ಕೆಟ್ಟು ನಿಂತಾಗ ರಸ್ತೆಗೆ ಅಡ್ಡ ಇಟ್ಟು ಬಿಟ್ಟುಹೋಗಿದ್ದ ಎರಡು ಕಲ್ಲುಗಳನ್ನು ಕಾಲಿನಿಂದ ಚರಂಡಿಗೆ ತಳ್ಳಿ ಹೋಗುತ್ತಾರೆ. ಕೆಟ್ಟ ಗಾಡಿಯ ಹಿಂದೆ ಕಲ್ಲು, ಸೊಪ್ಪು ಇಡುವುದು ನಮ್ಮ ರಸ್ತೆಗಳ ಹಳೆಯ ರೂಢಿ. ಹೊರಡುವಾಗ ತೆಗೆಯದ ಆ ಕಲ್ಲು ರಾತ್ರಿ ಬೈಕಿನಲ್ಲಿ ಬರುವವನಿಗೆ ಕಾದು ಕೂತಿರುತ್ತದೆ. ನಾನು ತ್ರಿಕೋನ ತರಲು ಎಪ್ಪತ್ತಕ್ಕೂ ಹೆಚ್ಚು ಹೆಜ್ಜೆ ಹಿಂದೆ ನಡೆಯುತ್ತೇನೆ.

ಒಟ್ಟು ನಲವತ್ತು ನಿಮಿಷ. ಒಣ ಬಟ್ಟೆ, ಹೀಟರಿನ ಬಿಸಿ ಗಾಳಿ. ‘ಈಗ ಬಿಡು’ ಅಂದಾಗ ಮಗ ಸೆರಗು ಬಿಡುತ್ತಾನೆ. ಮುಂಗೈ ಮೇಲೆ ನೂಲಿನ ಗೀರುಗಳು ಮೂಡಿವೆ.

ಗುಂಡ್ಯ ದಾಟಿದ ಮೇಲೆ ಫೋನಿಗೆ ಜೀವ ಬರುತ್ತದೆ. ಉಪ್ಪಿನಂಗಡಿಯ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿ, ಮೊದಲು ಯಜಮಾನರಿಗೆ ಫೋನು, ಆಮೇಲೆ ನಟ್ಟುಗಳಿಗೆ ಮತ್ತೊಂದು ಬಿಗಿ. ಓಡಿದ ಮೇಲೆ ಒಮ್ಮೆ ನೋಡಲೇಬೇಕು. ಹಳೆಯ ಟೈರಿನೊಳಗೆ ಸಿಕ್ಕಿದ್ದು ಒಂದು ಅಂಗುಲದ ಮೊಳೆ. ಒಳಮೈ ಉಜ್ಜಿ ಪುಡಿಪುಡಿಯಾಗಿದೆ, ಇನ್ನು ಬಳಸುವ ಹಾಗಿಲ್ಲ.

ಸಂಜೆ ಪುತ್ತೂರಿನ ಮನೆಯ ಚಾವಡಿಯಲ್ಲಿ ಟಾರ್ಪಾಲು, ಜಾಕೆಟ್ಟು, ಹಳೆ ಸೀರೆ ಹಗ್ಗದ ಮೇಲೆ ತೊಟ್ಟಿಕ್ಕುತ್ತಿವೆ. ಅತ್ತೆ ಬೆಳಗಿನ ಕಷಾಯಕ್ಕೆ ಕಾಳುಮೆಣಸು, ಬೆಳ್ಳುಳ್ಳಿ ತೆಗೆದಿಡುತ್ತಿದ್ದಾರೆ. ಮಗಳು ಕಾರಿನಿಂದ ಆ ಹಾಳೆ ಕಿತ್ತು ತಂದು ನೆಲದ ಮೇಲೆ ಬೋರಲು ಮಲಗಿ, ಪಟ್ಟಿಯಲ್ಲಿ ಒಂದೊಂದಕ್ಕೂ ಗುರುತು ಹಾಕುತ್ತಿದ್ದಾಳೆ. ಇಣುಕಿ ನೋಡುತ್ತೇನೆ. ಕೊನೆಯಲ್ಲಿ ಹೊಸದಾಗಿ ಸೇರಿಸಿದ ಮೂರು ಸಾಲು: ಹೊಸ ಟೈರು. ಉಪ್ಪು ಇನ್ನೂ ಜಾಸ್ತಿ. ತಮ್ಮನಿಗೂ ಒಂದು ಪೀಪಿ.